ಓಸ್ತಿಯ ಅಂಚು

ಅಲ್ ಸದ್ದ್, ದೋಹಾ
5 ಜನವರಿ 2024

ಪ್ರೀತಿಯ ಫ್ಲೇವಿಯಕ್ಕ,

ನಾನು ಇಲ್ಲಿಗೆ ಬಂದು ತಿಂಗಳಾಯಿತು, ಚೆನ್ನಾಗಿದ್ದೇನೆ. ನಿಮ್ಮ ಸಿಸ್ಟರುಗಳ ಮಠದಲ್ಲಿ ಫೋನಿನಲ್ಲಿ ಮಾತನಾಡುವ ಹಾಗಿಲ್ಲವಲ್ಲ, ಅದಕ್ಕೆ ಪತ್ರ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕುಳಿತ ನನ್ನನ್ನು ನೀನು ಬಿಡಲಿಲ್ಲ. ಚರ್ಚಿನ ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂಬದಿಯಲ್ಲಿ ದಿನವೂ ಒಂದು ಪುಟ ಬರೆಸುತ್ತಿದ್ದೆ. ಆಗ ನಿನ್ನ ಮೇಲೆ ಸಿಟ್ಟು ಬರುತ್ತಿತ್ತು. ಈಗ ಅದೇ ನನ್ನ ಕೆಲಸವಾಗಿದೆ ಎಂದರೆ ನೀನು ನಂಬಲಿಕ್ಕಿಲ್ಲ.

ನಾನು ನೋಡಿಕೊಳ್ಳುವ ಅಮ್ಮನ ಹೆಸರು ಎಡ್ನಾ. ಮಂಗಳೂರಿನ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಎಲ್ಲರೂ ಟೀಚರ್ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಮಗ ಮತ್ತು ಸೊಸೆ ಲುಸೈಲಿನಲ್ಲಿ ಆಫೀಸಿಗೆ ಹೋಗುತ್ತಾರೆ. ಟೀಚರಿಗೆ ಕಣ್ಣಿನ ನಡುವೆಯೇ ಕಪ್ಪು ಕಟ್ಟಿದೆ. ನನ್ನ ಮುಖ ಕಾಣುವುದಿಲ್ಲ, ಕಿವಿಯ ಓಲೆ ಮಾತ್ರ ಕಾಣುತ್ತದಂತೆ. ಓದಲು ಆಗುವುದಿಲ್ಲ, ಬರೆಯಲು ಆಗುವುದಿಲ್ಲ. ಅದಕ್ಕೆ ಬೆಳಿಗ್ಗೆ ಗಂಜಿ ಕುಡಿದ ಮೇಲೆ ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ.

ಒಂದು ಕ್ರಮ ಇದೆ. ನಾಲ್ಕು ಸಾಲು ಆದ ಕೂಡಲೇ ನಾನು ಅದನ್ನು ನನ್ನ ಮಾತಿನಲ್ಲಿ ಅವರಿಗೆ ತಿರುಗಿ ಹೇಳಬೇಕು.

"ಎಂತ ಅರ್ಥ ಆಯ್ತು, ಹೇಳು ನೋಡುವ."

"ಸ್ವಲ್ಪ ಆಯ್ತು ಟೀಚರ್."

"ಸ್ವಲ್ಪ ಅಂದ್ರೆ ಆಗ್ಲಿಲ್ಲ ಅಂತ. ಹೊಡೆದು ಹಾಕು. ನಿನಗೆ ಆಗದ್ದು ಯಾರಿಗೂ ಬೇಡ."

ಮೊದಲು ನನಗೆ ಅವಮಾನವಾಗುತ್ತಿತ್ತು. ಆಮೇಲೆ ಗೊತ್ತಾಯಿತು, ಅವರು ಹೊಡೆದು ಹಾಕುವುದು ತಮ್ಮ ಸಾಲನ್ನು, ನನ್ನನ್ನಲ್ಲ. ಇಷ್ಟು ವರ್ಷದಲ್ಲಿ "ನಿನಗೆ ಎಂತ ಅನಿಸ್ತದೆ" ಎಂದು ನನ್ನನ್ನು ಯಾರೂ ಕೇಳಿರಲಿಲ್ಲ, ನಿನ್ನನ್ನು ಬಿಟ್ಟರೆ.

ಅವರು ಬರೆಸುವುದು ಅರಿವಿನವರು ಎಂಬ ಜನರ ಬಗ್ಗೆ. ಅವರು ಯೇಸುವನ್ನು ನಂಬುವವರೇ. ಮನೆಗಳಲ್ಲಿ ಸೇರುತ್ತಾರಂತೆ. ಎಲ್ಲರ ಒಳಗೂ ಒಂದು ಬೆಳಕಿನ ಕಿಡಿ ಇದೆ, ಅದು ತನ್ನನ್ನು ತಾನು ಮರೆತು ಮಲಗಿದೆ, ಯೇಸು ಬಂದದ್ದು ಅದನ್ನು ಎಬ್ಬಿಸಲಿಕ್ಕೆ ಎನ್ನುತ್ತಾರಂತೆ. ಹೆಂಗಸರೂ ಎದ್ದು ನಿಂತು ಬೋಧಿಸುತ್ತಾರೆ. ವ್ಯಾಲೆಂಟೈನ್ ಎಂಬವರು ತುಂಬ ಚೆನ್ನಾಗಿ ಮಾತನಾಡುತ್ತಾರಂತೆ. ನನಗೆ ಕೇಳಲು ಖುಷಿಯಾಗುತ್ತದೆ.

ಶುಕ್ರವಾರವೇ ಇಲ್ಲಿ ನಮಗೆ ಭಾನುವಾರ. ಇವತ್ತು ಚರ್ಚಿನ ಪೂಜೆಗೆ ಹೋಗಿದ್ದೆ. ಪಾದ್ರಿಗಳು ಕೊಟ್ಟ ತೆಳ್ಳಗಿನ ಗೋಧಿ ಓಸ್ತಿ ನಾಲಿಗೆಯ ಮೇಲೆ ಕರಗುವಾಗ, ಮಠದ ಒಲೆಯ ಮುಂದೆ ಕುಳಿತು ಓಸ್ತಿ ಸುಡುವ ನಿನ್ನ ನೆನಪಾಯಿತು.

ನಿನ್ನ,
ಜೆಸಿಕಾ


ಮಂಗಳೂರು
17 ಜನವರಿ 2024

ಪ್ರೀತಿಯ ಜೆಸ್ಸಿ,

ನಿನ್ನ ಕಾಗದ ಸಿಕ್ಕಿತು. ಅಕ್ಷರ ದುಂಡಗಿದೆ, ದೇವರಿಗೆ ಸ್ತೋತ್ರ. ಆದರೆ ಅರಿವಿನವರ ಬಗ್ಗೆ ಬರೆದದ್ದನ್ನು ಎರಡು ಸಲ ಓದಿದೆ.

ಆ ವ್ಯಾಲೆಂಟೈನ್ ಯಾರು? ಯಾವ ಊರಿನವನು, ಯಾವ ಚರ್ಚಿನವನು? ಮದುವೆಯಾಗಿದೆಯೋ? ನೀನು ಅವನನ್ನು ನೋಡಿದ್ದೀಯಾ? ಆ ಕೂಟ ಯಾರ ಫ್ಲ್ಯಾಟಿನಲ್ಲಿ ಸೇರುತ್ತದೆ? ನಾನು ಮನೆಯಲ್ಲಿದ್ದಾಗಲೇ ಕೇಳಿದ್ದೇನೆ, ಗಲ್ಫಿಗೆ ಹೋದ ನಮ್ಮ ಹುಡುಗಿಯರನ್ನು ಹೀಗೇ ಕರೆಯುತ್ತಾರೆ. ಮೊದಲು ಚಹಾ ಮತ್ತು ಹಾಡು. ಆಮೇಲೆ ಕಣ್ಣೀರು. ಆಮೇಲೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಎರಡನೇ ದೀಕ್ಷಾಸ್ನಾನ. ನಮ್ಮ ವಾಡೋದ, ನಮ್ಮದೇ ಕೇರಿಯ ಒಬ್ಬಳು ಕುವೈತಿನಿಂದ ಬಂದು ತಾಯಿಯ ಕುತ್ತಿಗೆಯ ಜಪಸರವನ್ನೇ ಕಿತ್ತು ಹಾಕಿದ್ದು ನಿನಗೆ ನೆನಪಿರಬೇಕು.

ಆ ಅಮ್ಮ ಒಳ್ಳೆಯವರೇ ಇರಬಹುದು. ಅಂಥ ಕೂಟಗಳಿಗೆ ಕರೆದುಕೊಂಡು ಹೋಗುವವರು ಯಾವಾಗಲೂ ಒಳ್ಳೆಯವರೇ. ನೀನು ಶುಕ್ರವಾರದ ಪೂಜೆ ಬಿಡಬೇಡ. ಬೇರೆ ಎಲ್ಲಿಗೂ ಹೋಗಬೇಡ. ನನ್ನ ಪ್ರಶ್ನೆಗಳಿಗೆ ಉತ್ತರ ಕೊಡು.

ಇಲ್ಲಿ ನಾನು ಆರೋಗ್ಯವಾಗಿದ್ದೇನೆ. ಓಸ್ತಿ ಸುಡುವ ಕೆಲಸವೇ ನಡೆದಿದೆ.

ಯೇಸುವಿನಲ್ಲಿ,
ನಿನ್ನ ಅಕ್ಕ


ಅಲ್ ಸದ್ದ್, ದೋಹಾ
26 ಜನವರಿ 2024

ಪ್ರೀತಿಯ ಅಕ್ಕ,

ನಿನ್ನ ಕಾಗದವನ್ನು ಟೀಚರಿಗೆ ಓದಿ ಹೇಳಿದೆ. ತಪ್ಪೋ ಏನೋ. ಅವರು ಎಷ್ಟು ನಕ್ಕರೆಂದರೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ನಿನ್ನ ಅಕ್ಕನಿಗೆ ಬರಿ ಮಗಾ. ವ್ಯಾಲೆಂಟೈನ್ ತೀರಿ ಹೋಗಿ ಸಾವಿರದ ಎಂಟುನೂರು ವರ್ಷ ಆಯ್ತು. ಮದುವೆ ಆಗಿತ್ತೋ ಇಲ್ಲವೋ ನನಗೂ ಗೊತ್ತಿಲ್ಲ. ನಿನ್ನ ಮೇಲೆ ಕಣ್ಣು ಹಾಕಲಿಕ್ಕಿಲ್ಲ, ಹೆದರಬೇಡ ಅಂತ ಹೇಳು."

ತಪ್ಪು ನನ್ನದೇ. ಟೀಚರ್ ಹೇಳುವಾಗ ಎಲ್ಲರೂ ಪಕ್ಕದ ಫ್ಲ್ಯಾಟಿನಲ್ಲಿ ಇರುವ ಹಾಗೆ ಹೇಳುತ್ತಾರೆ, ನಾನೂ ಹಾಗೇ ಬರೆದೆ. ಈಗ ಸರಿಯಾಗಿ ಬರೆಯುತ್ತೇನೆ.

ಯೇಸುವಿನ ಕಾಲ ಮುಗಿದು ನೂರು ವರ್ಷದ ಹೊತ್ತಿಗೆ, ಕ್ರೈಸ್ತರು ಇನ್ನೂ ಮನೆಗಳಲ್ಲೇ ಸೇರುತ್ತಿದ್ದ ದಿನಗಳಲ್ಲಿ, ಈಜಿಪ್ಟಿನಲ್ಲಿಯೂ ರೋಮಿನಲ್ಲಿಯೂ ಇವರಿದ್ದರು. ಗ್ರೀಕ್ ಭಾಷೆಯಲ್ಲಿ ಅರಿವಿಗೆ ನೋಸಿಸ್ ಎನ್ನುತ್ತಾರಂತೆ, ಅದಕ್ಕೆ ಇವರು ನೋಸ್ಟಿಕರು. ಟೀಚರ್ ಕನ್ನಡದಲ್ಲಿ ಅರಿವಿನವರು ಎಂದು ಮಾಡಿದ್ದಾರೆ. ಓದಿ ಬರುವ ಅರಿವಲ್ಲ ಅದು. ಬಸ್‌ಸ್ಟ್ಯಾಂಡಿನಲ್ಲಿ ನೂರು ಜನರ ನಡುವೆ ನಮ್ಮವರನ್ನು ಕಂಡ ಕೂಡಲೇ ಗುರುತು ಸಿಗುತ್ತದಲ್ಲ, ಅಂಥದ್ದು. ಈ ಮಾತು ನಾನು ಹೇಳಿದ್ದು, ಟೀಚರ್ ಅದನ್ನೇ ಇಟ್ಟುಕೊಂಡರು.

ವ್ಯಾಲೆಂಟೈನ್ ಅವರಲ್ಲಿ ದೊಡ್ಡ ಗುರು. ಬಿಷಪ್ ಆಗಲಿಕ್ಕೂ ಹತ್ತಿರ ಬಂದಿದ್ದರು ಎಂದು ಹಳೆಯ ಕಾಲದವರು ಬರೆದಿದ್ದಾರೆ. ಮುಂದೆ ಬಿಷಪ್ಪರು ಇವರನ್ನೆಲ್ಲ ಧರ್ಮಸಭೆಯಿಂದ ಹೊರಗಿಟ್ಟರು. ಲಿಯೋನ್ ಎಂಬ ಊರಿನ ಬಿಷಪ್ ಸಂತ ಐರೇನಿಯಸ್ ಇವರ ವಿರುದ್ಧ ತುಂಬ ಉದ್ದ ಬರೆದರು. ಅರಿವಿನವರ ಸ್ವಂತ ಬರಹಗಳು ಹೆಚ್ಚಿನವು ಕಳೆದುಹೋದವು. ಆಮೇಲೆ ಸಾವಿರದೈನೂರು ವರ್ಷಕ್ಕೂ ಹೆಚ್ಚು ಕಾಲ ಇವರ ಬಗ್ಗೆ ಜನರಿಗೆ ಗೊತ್ತಿದ್ದದ್ದು ಬಹುಮಟ್ಟಿಗೆ ಇವರನ್ನು ಬೈದವರು ಬರೆದದ್ದರಿಂದ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಎಂಬಲ್ಲಿ ಗೊಬ್ಬರದ ಮಣ್ಣು ಅಗೆಯುತ್ತಿದ್ದವರಿಗೆ ಒಂದು ಮಣ್ಣಿನ ಭರಣಿ ಸಿಕ್ಕಿತು. ಒಳಗೆ ಚರ್ಮದ ಹೊದಿಕೆಯ ಹಳೆಯ ಪುಸ್ತಕಗಳು. ಹತ್ತಿರದ ಮಠದ ಸನ್ಯಾಸಿಗಳೇ ಹೂತಿಟ್ಟಿರಬಹುದು ಎಂದು ಕೆಲವರ ಊಹೆ.

ನಾನು ಟೀಚರನ್ನು ಕೇಳಿದೆ, ಇವರು ಹೇಳಿದ್ದು ಸರಿಯಾ ಎಂದು. ಅವರು ಹೇಳಿದರು, "ಸರಿ ಅಂತ ನಾನು ಎಲ್ಲಿ ಹೇಳಿದೆ? ನಾನೂ ಶುಕ್ರವಾರ ಪೂಜೆಗೆ ಹೋಗುವವಳೇ. ಇವರೂ ಇದ್ದರು ಅಂತ ಹೇಳ್ತೇನೆ, ಅಷ್ಟೇ. ತೆಳು ರೊಟ್ಟಿಯಿಂದ ಓಸ್ತಿ ದುಂಡಗೆ ಕತ್ತರಿಸಿದ ಮೇಲೆ ಅಂಚು ಉಳೀತದಲ್ಲ, ಅದೂ ಅದೇ ಹಿಟ್ಟು."

ಅಕ್ಕ, ನಮ್ಮ ಚಿಕ್ಕಂದಿನಲ್ಲಿ ಪೂಜೆ ಮುಗಿದ ಮೇಲೆ ಚರ್ಚು ನೋಡಿಕೊಳ್ಳುವ ಮಿರೋಣಿ ನಮಗೆ ಆ ಅಂಚುಗಳನ್ನು ಕೊಡುತ್ತಿದ್ದದ್ದು ನೆನಪಿದೆಯಾ? ಗರಿಗರಿ, ಏನೂ ರುಚಿ ಇಲ್ಲ, ಆದರೂ ನಾವು ಜಗಳವಾಡಿ ತಿನ್ನುತ್ತಿದ್ದೆವು.

ಇದರ ಜೊತೆ ಒಂದು ಪುಟವನ್ನು ನಕಲು ಮಾಡಿ ಕಳಿಸುತ್ತಿದ್ದೇನೆ. ಲೋಕ ಹೇಗೆ ಆಯಿತು ಎಂದು ಅರಿವಿನವರು ಹೇಳುತ್ತಿದ್ದ ಕಥೆ. ನನಗೆ ಇದು ತುಂಬ ಇಷ್ಟ.

ಒಂದು ವಿಷಯ ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಟೀಚರಿಗೆ ಮರೆವು ಶುರುವಾಗಿದೆ. ಡಾಕ್ಟರ್ ಹೇಳಿದ್ದಾರಂತೆ, ಇದು ಹೆಚ್ಚುತ್ತಾ ಹೋಗುವ ಮರೆವು. ಅವರಿಗೂ ಗೊತ್ತು. "ಬೇಗ ಬೇಗ ಬರಿ ಜೆಸಿಕಾ, ನಾನು ಖಾಲಿ ಆಗುವ ಮೊದಲು" ಎನ್ನುತ್ತಾರೆ, ತಮಾಷೆ ಮಾಡಿದ ಹಾಗೆ. ಇಂಗ್ಲಿಷಿನಲ್ಲಿ ಇದರ ಬಗ್ಗೆ ಬೇಕಾದಷ್ಟು ಇದೆಯಂತೆ. ಬೀಡಿ ಕಟ್ಟುವವಳಿಗೂ ಅರ್ಥವಾಗುವ ಕನ್ನಡದಲ್ಲಿ ಒಂದು ಇರಲಿ ಎಂಬುದು ಅವರ ಆಸೆ.

ನಿನ್ನ,
ಜೆಸಿಕಾ

(ನಕಲು ಮಾಡಿದ ಪುಟ)
ಮೇಲೆ, ಎಲ್ಲಕ್ಕಿಂತ ಆಚೆ, ಯಾರೂ ಕಾಣದ ತಂದೆ ಇದ್ದಾನೆ. ಅವನ ಸುತ್ತ ಪೂರ್ಣ ಬೆಳಕು. ಆ ಬೆಳಕಿನ ಮಕ್ಕಳಲ್ಲಿ ಕಿರಿಯವಳು ಸೋಫಿಯಾ, ಎಂದರೆ ಜ್ಞಾನ. ಅವಳು ತಂದೆಯನ್ನು ಪೂರ್ತಿ ತಿಳಿಯಬೇಕೆಂದು ಆಸೆಪಟ್ಟಳು. ಆಸೆ ಅವಳ ಅಳತೆಗೆ ಮೀರಿತು, ಅವಳ ಬಾಳು ಮುರಿಯಿತು, ಅದರ ಒಂದು ಪಾಲು ಬೆಳಕಿನ ಹೊರಗೆ ಬಿದ್ದಿತು. ಹೊರಗೆ ಬಿದ್ದವಳು ಅತ್ತಳು. ಆ ಕಣ್ಣೀರಿನಿಂದ ಕಡಲೂ ಹೊಳೆಯೂ ಆದವು. ಬಿಟ್ಟು ಬಂದ ಬೆಳಕನ್ನು ನೆನೆದು ಒಮ್ಮೆ ನಕ್ಕಳು. ಆ ನಗುವಿನಿಂದ ಲೋಕದ ಬೆಳಕಾಯಿತು. ಅವಳಿಂದ ಹುಟ್ಟಿದ ಒಬ್ಬ, ತನ್ನ ಮೇಲೆ ಯಾರೂ ಇಲ್ಲವೆಂದು ತಿಳಿದು ಈ ಲೋಕವನ್ನು ಕಟ್ಟಿದ. ಅವನಿಗೆ ತಿಳಿಯದ ಹಾಗೆ ಅವಳ ಬೆಳಕಿನ ಕಿಡಿ ಮನುಷ್ಯರ ಒಳಗೆ ಸೇರಿಕೊಂಡಿತು.


ಮಂಗಳೂರು
11 ಫೆಬ್ರವರಿ 2024

ಜೆಸ್ಸಿ,

ವ್ಯಾಲೆಂಟೈನ್ ಸತ್ತಿದ್ದಾನೆ ಎಂದು ತಿಳಿದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬದುಕಿರುವವನಾದರೆ ಅವನ ಮನೆಗೆ ಹೋಗಬೇಡ ಎಂದು ಹೇಳಬಹುದಿತ್ತು. ಇವನು ನಿನ್ನ ಕೈಯ ಪೆನ್ನಿನೊಳಗೇ ಬಂದು ಕುಳಿತಿದ್ದಾನೆ.

ಲೋಕವನ್ನು ಕಟ್ಟಿದವನು ಏನೂ ತಿಳಿಯದ ಬೇರೊಬ್ಬ, ನಿಜವಾದ ತಂದೆಯಲ್ಲ ಎಂದು ನನ್ನ ತಂಗಿ ತನ್ನ ಕೈಯಿಂದ ಬರೆದಿದ್ದಾಳೆ. ಅಮ್ಮ ಹೋದ ಮೇಲೆ ದಿನವೂ ಸಂಜೆ ಮೊಣಕಾಲೂರಿ ನಿನ್ನಿಂದ ನಾನು ಹೇಳಿಸಿದ್ದು ಏನು? ಭೂಮಿ ಆಕಾಶ ಎರಡನ್ನೂ ಸೃಷ್ಟಿಸಿದ ತಂದೆಯನ್ನು ನಂಬುತ್ತೇನೆ ಎಂದು. ನಾನು ನಿನಗೆ ಅಕ್ಷರ ಕಲಿಸಿದ್ದು ಇದಕ್ಕಲ್ಲ.

ನೀನು ಕಳಿಸಿದ ಪುಟವನ್ನು ಓಸ್ತಿಯ ಒಲೆಗೆ ಹಾಕಿದೆ.

ಆ ಬರವಣಿಗೆ ನಿಲ್ಲಿಸು. ಆ ಅಮ್ಮನ ಸೇವೆ ಮಾಡು, ಅಡುಗೆ ಮಾಡು, ಕೈ ಹಿಡಿದು ನಡೆಸು, ಅದೆಲ್ಲ ಪುಣ್ಯದ ಕೆಲಸ. ಬರೆಯಬೇಡ. ನನಗೆ ಇಲ್ಲಿಂದ ಎದ್ದು ಬಂದು ನಿನ್ನ ಪಕ್ಕ ಕುಳಿತುಕೊಳ್ಳಲು ಆಗುವುದಿಲ್ಲ. ನಾನಿರುವುದು ಬೀಗ ಹಾಕಿದ ಬಾಗಿಲಿನ ಒಳಗೆ. ನಿಲ್ಲಿಸಿದೆ ಎಂದು ಒಂದು ಸಾಲು ಬರೆ.

ಅಕ್ಕ


ಅಲ್ ಸದ್ದ್, ದೋಹಾ
23 ಫೆಬ್ರವರಿ 2024

ಅಕ್ಕ,

ನಿಲ್ಲಿಸಿದೆ.

ಈ ಕಾಗದವನ್ನು ಪಕ್ಕದ ಫ್ಲ್ಯಾಟಿನ ರೈಹಾನಾ ತರುತ್ತಿದ್ದಾರೆ. ಉಪ್ಪಿನಂಗಡಿಯವರು, ಬ್ಯಾರಿಗಳು. ತಾಯಿಯನ್ನು ಮಂಗಳೂರಿನ ಆಸ್ಪತ್ರೆಗೆ ತೋರಿಸಲು ಹೋಗುತ್ತಿದ್ದಾರೆ. ಪೋಸ್ಟಿಗಿಂತ ಬೇಗ ಸಿಗಲಿ ಎಂದು ಅವರ ಕೈಯಲ್ಲಿ ಕೊಟ್ಟೆ.

ಟೀಚರಿಗೆ ನಿನ್ನ ವಿಷಯ ಹೇಳಲಿಲ್ಲ. ಕೈ ನೋವು ಎಂದು ಹೇಳಿದೆ. ಅವರು ನಂಬಿದರು. ಈಗ ದಿನವೂ ಬೆಳಿಗ್ಗೆ ಬರೆಯುವ ಹೊತ್ತಿಗೆ ನನ್ನನ್ನು ಕೂರಿಸಿ, ತಡಕಾಡಿ ನನ್ನ ಬಲಗೈ ಹುಡುಕಿ, ನೋವಿನ ಎಣ್ಣೆ ಹಚ್ಚಿ ತಿಕ್ಕುತ್ತಾರೆ.

"ತುಂಬ ಬರೆಸಿದೆ ನಿನ್ನಿಂದ. ನನಗೆ ಬುದ್ಧಿ ಬೇಡ್ವಾ? ಗುಣ ಆಗ್ಲಿ, ಅವಸರ ಇಲ್ಲ."

ಅವಸರ ಇದೆ ಎಂದು ನನಗೆ ಗೊತ್ತು. ಅವರಿಗೂ ಗೊತ್ತು.

ಜೆಸಿಕಾ


ಅಲ್ ಸದ್ದ್, ದೋಹಾ
8 ಮಾರ್ಚ್ 2024

ಪ್ರೀತಿಯ ಅಕ್ಕ,

ರೈಹಾನಾ ವಾಪಸು ಬಂದರು. ನಿಮ್ಮ ಮಠದ ವಿಷಯ ಹೇಳಿ ನಗಿಸಿದರು. "ಎಂತ ಮಾರಾಯ್ತಿ ಅದು! ಮನುಷ್ಯರೇ ಇಲ್ಲ. ಗೋಡೆಯಲ್ಲಿ ಒಂದು ಮರದ ಪೆಟ್ಟಿಗೆ ತಿರುಗ್ತದೆ. ಕಾಗದ ಇಟ್ಟೆ, ಗರ್ರಂತ ಒಳಗೆ ಹೋಯ್ತು. ಗೋಡೆ ಮಾತಾಡ್ತದೆ, 'ದೇವರು ಒಳ್ಳೇದು ಮಾಡ್ಲಿ' ಅಂತ. ನಾನು ಹೆದರಿ ಗೋಡೆಗೇ ಸಲಾಂ ಹೇಳಿ ಬಂದೆ."

ನಾನು ಕೇಳಿದೆ, ಅಕ್ಕನಿಗೆ ಕೊಟ್ಟರಾ ಎಂದು. ರೈಹಾನಾ ಹೇಳಿದರು. "ಸಿಸ್ಟರಿಗೆ ಈಗ ಕೊಡುವುದಿಲ್ಲ" ಎಂದಿತಂತೆ ಆ ಧ್ವನಿ. ಯಾಕೆ ಎಂದು ಕೇಳಲು ಅವರಿಗೆ ಸಂಕೋಚವಾಯಿತಂತೆ. "ನಿಮ್ಮವರ ಕ್ರಮ ನನಗೆಂತ ಗೊತ್ತು?" ಎಂದರು.

ಹಾಗಾದರೆ ನನ್ನ ಕಾಗದ ಬೇಡವೆಂದು ನೀನೇ ಹೇಳಿರಬೇಕು. ನಿಲ್ಲಿಸಿದ್ದೇನೆ ಎಂಬ ಒಂದು ಸಾಲನ್ನು ಸಹ ನೀನು ಓದಲಿಲ್ಲ. ನಾನು ಬರೆದದ್ದು ಅಷ್ಟು ದೊಡ್ಡ ಪಾಪವಾ ಅಕ್ಕ? ಅಮ್ಮನ ನಂತರ ನನಗೆ ಇದ್ದದ್ದು ನೀನೊಬ್ಬಳೇ. ನೀನು ಮಠಕ್ಕೆ ಹೋಗುವ ದಿನ ನಾನು ಅಳಲಿಲ್ಲ. ಅತ್ತರೆ ನೀನು ಹೋಗಲಿಕ್ಕಿಲ್ಲ ಎಂದು ಗೊತ್ತಿತ್ತು, ಅದಕ್ಕೆ.

ಟೀಚರಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಎಂಬ ಊರಿನ ಹೆಸರು ನೆನಪಿಗೆ ಸಿಗುತ್ತಿಲ್ಲ. "ಆ ದೀಪದ ಕಂಬ ಇದ್ದ ಊರು" ಎನ್ನುತ್ತಾರೆ. ನಾನು ಹೆಸರು ಹೇಳಿಕೊಡುತ್ತೇನೆ, ಬರೆಯುವುದಿಲ್ಲ. ಈ ಕಾಗದ ಪೋಸ್ಟಿನಲ್ಲಿ ಬರುತ್ತದೆ. ನೀನು ಓದದಿದ್ದರೂ ಚಿಂತೆಯಿಲ್ಲ.

ಜೆಸಿಕಾ


ಅಲ್ ಸದ್ದ್, ದೋಹಾ
22 ಮಾರ್ಚ್ 2024

ಪ್ರೀತಿಯ ಅಕ್ಕ,

ನಾನು ಮತ್ತೆ ಬರೆಯಲು ಶುರು ಮಾಡಿದ್ದೇನೆ. ನಿನ್ನ ಅನುಮತಿ ಕೇಳಲು ಇದನ್ನು ಬರೆಯುತ್ತಿಲ್ಲ. ನಿನಗೆ ಗೊತ್ತಿಲ್ಲದೆ ಮಾಡುವುದು ಬೇಡವೆಂದು ಬರೆಯುತ್ತಿದ್ದೇನೆ.

ಸೋಮವಾರ ಬೆಳಿಗ್ಗೆ ಟೀಚರ್ ಎಣ್ಣೆ ಹಚ್ಚುತ್ತಾ ತಮ್ಮಷ್ಟಕ್ಕೆ ಕಥೆ ಹೇಳುತ್ತಿದ್ದರು. ತಂದೆಯ ಬೆಳಕಿನಿಂದ ಹೊರಗೆ ಬಿದ್ದವಳು, ಅತ್ತವಳು, ನಕ್ಕವಳು ಎಂದು ಹೇಳುತ್ತಾ ಬಂದು ನಿಂತುಬಿಟ್ಟರು.

"ಅವಳ ಹೆಸರೆಂತ ಮಗಾ?"

ನಾನು ಹೇಳಿದೆ, "ಸೋಫಿಯಾ, ಟೀಚರ್."

"ಹೌದಾ? ಒಳ್ಳೆ ಹೆಸರು. ನಿನಗೆ ಯಾರು ಹೇಳಿದ್ದು?"

ನನ್ನ ಕೈ ಅವರ ಕೈಯಲ್ಲೇ ಇತ್ತು. ನೋವಿಲ್ಲದ ಕೈ. ಜೀವಮಾನವಿಡೀ ಕಲಿಸಿದವರು ಆ ಹೆಸರನ್ನು ನನ್ನಿಂದ ಕೇಳಿ ಕಲಿಯುತ್ತಿದ್ದರು. ಅರಿವಿನವರು ಮನುಷ್ಯನ ದೊಡ್ಡ ಕಷ್ಟ ಪಾಪವಲ್ಲ, ಮರೆವು ಎನ್ನುತ್ತಿದ್ದರು. ಅದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಮರೆಯುತ್ತಿರುವವರ ಪಕ್ಕದಲ್ಲಿ ಪೆನ್ನು ಇದ್ದೂ ಸುಮ್ಮನೆ ಕುಳಿತಿರುವುದು ತಪ್ಪು ಎಂದು ಮಾತ್ರ ಗೊತ್ತಾಯಿತು. ಎದ್ದು ಹೋಗಿ ಹಾಳೆ ತಂದೆ.

"ಕೈ ಗುಣ ಆಯ್ತಾ?" ಎಂದರು.

"ಆಯ್ತು ಟೀಚರ್. ನಿಮ್ಮ ಎಣ್ಣೆಯಿಂದ."

ಈಗ ರಂಜಾನ್. ಆಫೀಸುಗಳು ಬೇಗ ಬಿಡುತ್ತವೆ. ಟೀಚರ ಮಗ ಮನೆಗೆ ಬರುವ ತನಕವೂ ಬರೆಯುತ್ತೇವೆ. ಕೆಲವು ದಿನ ಅವರಿಗೆ ಎಲ್ಲ ನೆನಪಿರುತ್ತದೆ. ಕೆಲವು ದಿನ ನಾನು ಹಿಂದಿನ ಪುಟ ಓದಿ ದಾರಿ ತೋರಿಸಬೇಕು.

ಇವತ್ತು ಇನ್ನೊಂದು ನಡೆಯಿತು. ಇಲ್ಲಿ ಎಲ್ಲ ಕ್ರೈಸ್ತರ ಚರ್ಚುಗಳೂ ಊರ ಹೊರಗೆ ಒಂದೇ ಕಂಪೌಂಡಿನಲ್ಲಿ ಇವೆ. ಈಜಿಪ್ಟಿನವರದೂ ಇದೆ, ಕಾಪ್ಟಿಕ್ ಎನ್ನುತ್ತಾರೆ. ಭರಣಿಯಲ್ಲಿ ಸಿಕ್ಕ ಪುಸ್ತಕಗಳು ಅವರ ಹಳೆಯ ಭಾಷೆಯಲ್ಲೇ ಇದ್ದವಂತೆ. "ಅವರ ಬಾಗಿಲಲ್ಲಿ ನಿಂತು ಸ್ವಲ್ಪ ಕೇಳಿ ಬಾ, ಕಿವಿಗೆ ಹೇಗಿರ್ತದೆ ಅಂತ ನನಗೆ ಹೇಳು" ಎಂದಿದ್ದರು ಟೀಚರ್. ನಮ್ಮ ಪೂಜೆ ಮುಗಿಸಿ ಹೋಗಿ ನಿಂತೆ. ಗೊತ್ತಲ್ಲ, ನನಗೆ ಹೊಸಬರ ಮುಂದೆ ನಿಲ್ಲಲು ಎಷ್ಟು ನಾಚಿಕೆ. ಒಳಗೆ ತಾಳ ಬಾರಿಸುತ್ತಾ ಉದ್ದಕ್ಕೆ ಎಳೆದು ಹಾಡುತ್ತಿದ್ದರು. ಹೊರಗೆ ಬಂದ ಒಬ್ಬ ಹೆಂಗಸು ನನ್ನನ್ನು ನೋಡಿ, ಏನೂ ಕೇಳದೆ, ಅಚ್ಚೊತ್ತಿದ ದುಂಡಗಿನ ಒಂದು ಬ್ರೆಡ್ಡನ್ನು ಮುರಿದು ಅರ್ಧ ನನ್ನ ಕೈಗಿಟ್ಟಳು. ಪೂಜೆ ಮುಗಿದ ಮೇಲೆ ಎಲ್ಲರಿಗೂ ಹಂಚುವ ಬ್ರೆಡ್ ಅದು. "ಯಲ್ಲಾ, ಯಲ್ಲಾ, ತಿನ್ನು" ಎಂದು ಕೈಸನ್ನೆ ಮಾಡಿದಳು. ತಿಂದೆ. ಅಳು ಬಂತು. ಯಾಕೆಂದು, ಮಿರೋಣಿ ಕೊಟ್ಟ ಅಂಚು ತಿಂದ ನಿನಗೆ ಗೊತ್ತಾಗಬೇಕು.

ನೀನು ಬೇಡವೆಂದ ಕೆಲಸವನ್ನು ನೀನು ಕೊಟ್ಟ ಅಕ್ಷರದಿಂದಲೇ ಮಾಡುತ್ತಿದ್ದೇನೆ. ಸಿಟ್ಟಿದ್ದರೆ ಇರಲಿ. ಉಪಕಾರ ಮಾತ್ರ ಮರೆಯುವುದಿಲ್ಲ.

ಕೆಳಗಿನ ಫ್ಲ್ಯಾಟಿನ ಭವ್ಯಶ್ರೀ ಏಪ್ರಿಲಿನಲ್ಲಿ ಊರಿಗೆ ಬಂದು ವಾಪಸಾಗುತ್ತಾರೆ. ಊರಿಂದ ಹೊರಡುವ ಮೊದಲು ನಿಮ್ಮ ಮಠದ ಪೆಟ್ಟಿಗೆಯ ಹತ್ತಿರ ಕೇಳಿ ಬರುತ್ತೇನೆ ಎಂದಿದ್ದಾರೆ. ಕೊಡುವಂಥದ್ದು ಏನೂ ಇಲ್ಲದಿದ್ದರೆ ಬೇಡ.

ನಿನ್ನ,
ಜೆಸಿಕಾ


ಮಂಗಳೂರು
2 ಏಪ್ರಿಲ್ 2024

ನನ್ನ ಜೆಸ್ಸಿ,

ಪುನರುತ್ಥಾನದ ಹಬ್ಬದ ಶುಭಾಶಯ.

ಇವತ್ತು ಬೆಳಿಗ್ಗೆ ನಮ್ಮ ಮಠದ ಮುಖ್ಯಸ್ಥೆ ಮದರ್ ನನ್ನನ್ನು ಕರೆದು ನಿನ್ನ ಮೂರು ಕಾಗದಗಳನ್ನು ಒಟ್ಟಿಗೆ ಕೊಟ್ಟರು. ನಮ್ಮ ಮಠದಲ್ಲಿ ತಪಸ್ಸುಕಾಲ ಪೂರ್ತಿ, ಬೂದಿ ಬುಧವಾರದಿಂದ ಈಸ್ಟರಿನ ತನಕ, ಯಾರಿಗೂ ಕಾಗದವಿಲ್ಲ. ಬರೆಯುವ ಹಾಗಿಲ್ಲ, ಓದುವ ಹಾಗೂ ಇಲ್ಲ. ಬಂದ ಕಾಗದಗಳು ಮದರ್ ಹತ್ತಿರ ಇರುತ್ತವೆ. ನಿನಗೆ ಇದು ಗೊತ್ತಿದೆ ಎಂದುಕೊಂಡಿದ್ದೆ. ಹೇಳಲೇ ಇಲ್ಲ. ನಿಲ್ಲಿಸು ಎಂದು ಕಟುವಾಗಿ ಬರೆದು ಕಳಿಸಿ, ಮೂರನೇ ದಿನ ಮೌನಕ್ಕೆ ಕುಳಿತೆ. ನೀನು ಆ ಮೌನವನ್ನು ಹೇಗೆ ಓದಿಕೊಂಡೆ ಎಂದು ಈಗ ತಿಳಿಯಿತು. ಮಗಾ, ನಿನ್ನ ಕಾಗದ ಬೇಡವೆಂದು ನಾನು ಯಾವತ್ತಾದರೂ ಹೇಳುತ್ತೇನಾ?

ಮೂರನ್ನೂ ಓದಿದ ಮೇಲೆ ಮದರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ತುಂಬ ವಯಸ್ಸಾದವರು, ಕಡಿಮೆ ಮಾತು. ಕೇಳಿ ಹೇಳಿದರು, "ಸಂತ ಐರೇನಿಯಸ್ ಆ ಅರಿವಿನವರ ಮಾತುಗಳನ್ನೆಲ್ಲ ಒಂದೊಂದಾಗಿ ಬರೆದಿಟ್ಟು ಆಮೇಲೆ ತಾನೇ ಉತ್ತರ ಕೊಟ್ಟದ್ದು? ಬರೆದದ್ದರಿಂದ ಆ ಸಂತರ ನಂಬಿಕೆ ಹೋಯಿತಾ? ನಿನ್ನ ತಂಗಿ ಕುರುಡಿಗೆ ಕಣ್ಣಾಗಿದ್ದಾಳೆ. ಅದನ್ನು ನಿಲ್ಲಿಸು ಅಂತ ನಿನಗೆ ಯಾರು ಹೇಳಿದ್ದು?"

ಕೂಡಲೇ ನಿನಗೆ ಬರೆಯಲು ಕುಳಿತೆ.

ಇನ್ನೊಂದನ್ನು ಮದರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ನೀನು ಕಳಿಸಿದ ಪುಟವನ್ನು ಒಲೆಗೆ ಹಾಕಿದೆನಲ್ಲ. ಮರುದಿನ ಹಿಟ್ಟಿಗೆ ನೀರು ಹಾಕುವಾಗ ನೆನಪಾಯಿತು, ಅವಳ ಕಣ್ಣೀರಿನಿಂದ ಹೊಳೆಯಾಯಿತು ಎಂದು. ತಪ್ಪು ಎಂದು ಶಿಲುಬೆಯ ಗುರುತು ಮಾಡಿಕೊಂಡೆ. ಅದರ ಮರುದಿನವೂ ನೆನಪಾಯಿತು. ತಪಸ್ಸುಕಾಲ ಪೂರ್ತಿ ಹಿಟ್ಟು, ನೀರು, ಶಿಲುಬೆಯ ಗುರುತು. ಕೆಲವು ತಿಂಗಳಿಂದ ನನಗೆ ಪ್ರಾರ್ಥನೆ ಒಣಗಿಹೋಗಿತ್ತು ಜೆಸ್ಸಿ. ಬಾಯಿ ಹೇಳುತ್ತಿತ್ತು, ಒಳಗೆ ಯಾರೂ ಇರಲಿಲ್ಲ. ಅದಕ್ಕೇ ನಿನ್ನ ಕಾಗದ ಕಂಡು ಅಷ್ಟು ಹೆದರಿದೆನೋ ಏನೋ. ಆ ಕಥೆಯನ್ನು ನಾನು ನಂಬುವುದಿಲ್ಲ. ಲೋಕವನ್ನು ಮಾಡಿದವನೇ ನನ್ನ ತಂದೆ. ಆದರೆ ಹೊರಗೆ ಬಿದ್ದವಳು ಬೆಳಕನ್ನು ನೆನೆದು ನಕ್ಕಳು ಎಂಬ ಸಾಲು ಇದೆಯಲ್ಲ, ಅದು ನನ್ನ ಜೊತೆ ಒಲೆಯ ಮುಂದೆ ಕುಳಿತಿತ್ತು. ಒಂದು ದಿನ ನನಗೂ ನಗು ಬಂತು. ಆ ದಿನ ಪ್ರಾರ್ಥನೆಯೂ ಬಂತು.

ಸುಟ್ಟ ಪುಟ ನನಗೆ ಬಾಯಿಪಾಠ ಬರುತ್ತದೆ. ಆದರೂ ಇನ್ನೊಂದು ಸಲ ನಕಲು ಮಾಡಿ ಕಳಿಸು. ನಿನ್ನ ಅಕ್ಷರದಲ್ಲಿ ಬೇಕು.

ಭವ್ಯಶ್ರೀ ಅವರ ಕೈಯಲ್ಲಿ ಒಂದು ಡಬ್ಬ ಕೊಡುತ್ತೇವೆ. ಈಸ್ಟರಿಗೆ ಸುಟ್ಟ ಓಸ್ತಿಯ ಅಂಚುಗಳು. ಟೀಚರಿಗೂ ಕೊಡು. ರೈಹಾನಾ ಅವರಿಗೂ ಕೊಡು, ಬರಿಯ ಗೋಧಿ ಹಿಟ್ಟು ಮತ್ತು ನೀರು ಎಂದು ಹೇಳು. ಗೋಡೆಗೆ ಸಲಾಂ ಹೇಳಿದ್ದು ಕೇಳಿ ಇಲ್ಲಿ ಎಲ್ಲರೂ ನಕ್ಕರು.

ಬರೆ ಮಗಾ. ಬೇಗ ಬೇಗ ಬರೆ.

ನಿನ್ನ,
ಫ್ಲೇವಿಯಕ್ಕ


ಅಲ್ ಸದ್ದ್, ದೋಹಾ
3 ಮೇ 2024

ಪ್ರೀತಿಯ ಫ್ಲೇವಿಯಕ್ಕ,

ನಿನ್ನ ಕಾಗದವನ್ನು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವಾಗ ಓದಿದೆ. ಓದಿ ಎಷ್ಟೋ ಹೊತ್ತು ಒದ್ದೆ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡೇ ನಿಂತಿದ್ದೆ. ರೈಹಾನಾ ಆಚೆ ಬಾಲ್ಕನಿಯಿಂದ "ಎಂತ ಆಯ್ತು? ಗೋಡೆ ಉತ್ತರ ಕೊಟ್ಟಿತಾ?" ಎಂದು ಕೇಳಿದರು. ಕೊಟ್ಟಿತು ಎಂದೆ.

ಬರವಣಿಗೆ ಮುಗಿಯಿತು. ಟೀಚರ್ ಅಂದುಕೊಂಡಷ್ಟು ಆಗಲಿಲ್ಲ. ಕೊನೆಯ ಭಾಗ, ಅರಿವಿನವರು ಹೇಗೆ ಕಡಿಮೆಯಾಗುತ್ತಾ ಹೋದರು ಎಂಬುದು, ಅರ್ಧವೇ ಇದೆ. ನಾನು ನಿಲ್ಲಿಸಿದ್ದ ಆ ವಾರಗಳಲ್ಲಿ ಅದು ಅವರ ಹತ್ತಿರ ಇತ್ತು, ಈಗ ಇಲ್ಲ. ಇದನ್ನು ನಿನಗೆ ನೋವಾಗಲಿ ಎಂದು ಬರೆಯುತ್ತಿಲ್ಲ. ಭರಣಿಯ ಪುಸ್ತಕಗಳಲ್ಲೂ ಎಷ್ಟೋ ಹಾಳೆ ಹರಿದುಹೋಗಿತ್ತಂತೆ. ಉಳಿದದ್ದಕ್ಕೇ ಜನ ಎಷ್ಟು ಸಂತೋಷಪಟ್ಟರು!

ನೀನು ಕಳಿಸಿದ ಡಬ್ಬ ತೆರೆದು ಒಂದು ಅಂಚನ್ನು ಟೀಚರ ಕೈಗೆ ಕೊಟ್ಟೆ. ಆ ದಿನ ಅವರು ನನ್ನ ಹೆಸರನ್ನೂ ಹೇಳಿರಲಿಲ್ಲ. ಬೆರಳಿನಿಂದ ಅಂಚನ್ನು ಸವರಿದರು, ದುಂಡಗೆ ಕತ್ತರಿಸಿಹೋದ ಜಾಗಗಳನ್ನು ಒಂದೊಂದೇ ಮುಟ್ಟಿದರು. ಬಾಯಿಗೆ ಹಾಕಿದ ಕೂಡಲೇ ಮುಖ ಅರಳಿತು. "ಇದು ಓಸ್ತಿಯ ಅಂಚಲ್ವಾ! ಮಿರೋಣಿ ಕೊಟ್ಟನಾ? ನಿನ್ನ ಪಾಲು ಎಲ್ಲಿ? ಬೇಗ ತಿನ್ನು, ಹುಡುಗರು ಬಂದ್ರೆ ಖಲಾಸ್!" ಇಬ್ಬರೂ ಕುಳಿತು ತಿಂದೆವು.

ಈಗ ದಿನವೂ ಬೆಳಿಗ್ಗೆ ಅದೇ ಹೊತ್ತಿಗೆ ನಾನು ಬರೆದದ್ದನ್ನು ಅವರಿಗೆ ಓದುತ್ತೇನೆ. ಅವರಿಗೆ ಎಲ್ಲ ಹೊಸತು. ಸೋಫಿಯಾ ಅಳುವಾಗ ಕಣ್ಣು ತುಂಬುತ್ತದೆ. ಭರಣಿ ಸಿಕ್ಕಿತು ಎನ್ನುವಾಗ "ಹೌದಾ? ಮತ್ತೆ?" ಎಂದು ಮುಂದೆ ಬಾಗುತ್ತಾರೆ. ಮೊನ್ನೆ ಕೇಳಿದರು, "ಯಾರು ಬರೆದದ್ದು ಇದು? ಒಂದು ಸಾಲೂ ಅರ್ಥ ಆಗದ್ದು ಇಲ್ಲ."

"ನೀವೇ ಟೀಚರ್" ಎಂದೆ.

"ತಮಾಷೆ ಮಾಡಬೇಡ. ನಾನಾಗಿದ್ರೆ ಇಷ್ಟು ಸಲೀಸು ಬರೀಲಿಕ್ಕೆ ಆಗ್ತಿತ್ತಾ? ಅವರಿಗೊಂದು ಕಾಗದ ಹಾಕಬೇಕು. ಹಾಳೆ ತಾ."

ಅವರು ಹೇಳಿದರು, ನಾನು ಬರೆದೆ. ನಾಲ್ಕು ಸಾಲಾದ ಮೇಲೆ ನಿಲ್ಲಿಸಿ, "ಎಂತ ಅರ್ಥ ಆಯ್ತು, ಹೇಳು" ಎಂದರು. ಆ ಕ್ರಮ ಮಾತ್ರ ಅವರಿಗೆ ಮರೆತಿಲ್ಲ. ನನಗೆ ಹೇಳಲು ಆಗಲಿಲ್ಲ. ಹಾಗಾದರೆ ಹೊಡೆದು ಹಾಕು ಎಂದರು. ನಾನು ಹೊಡೆದು ಹಾಕಲಿಲ್ಲ.

ವಿಳಾಸ ಯಾರದ್ದು ಎಂದು ಅವರು ಹೇಳಲಿಲ್ಲ. ನಾನು ಯೋಚಿಸಿ ನೋಡಿದೆ. ಇದು ಸೇರಬೇಕಾದದ್ದು ನಿನಗೆ. ಸೋಫಿಯಾಳ ಪುಟದ ಜೊತೆ ಇಟ್ಟಿದ್ದೇನೆ.

ನಿನ್ನ,
ಜೆಸಿಕಾ

(ಜೊತೆಗಿದ್ದ ಕಾಗದ)
ಮಾನ್ಯರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನನಗೆ ಕಣ್ಣು ಕಾಣುವುದಿಲ್ಲ. ನೀವು ಬರೆದದ್ದನ್ನು ಇಲ್ಲಿ ಒಬ್ಬಳು ಹುಡುಗಿ ನನಗೆ ಓದಿ ಹೇಳುತ್ತಾಳೆ. ಅವಳ ಧ್ವನಿ ಮೆಲ್ಲಗೆ, ಆದರೆ ಎಲ್ಲಿಯೂ ತಡವರಿಸುವುದಿಲ್ಲ. ನಾನು ಒಂದು ಕಾಲದಲ್ಲಿ ಈ ಸಂಗತಿಗಳನ್ನು ಸ್ವಲ್ಪ ತಿಳಿದಿದ್ದೆ ಎಂದು ತೋರುತ್ತದೆ, ಏಕೆಂದರೆ ಕೇಳುವಾಗ ಮನೆಗೆ ಬಂದ ಹಾಗಾಗುತ್ತದೆ. ನಿಮಗೆ ಅಕ್ಷರ ಕಲಿಸಿದವರು ಯಾರೋ, ಅವರು ಬದುಕಿದ್ದರೆ ನನ್ನ ವಂದನೆ ತಿಳಿಸಿ. ನಮ್ಮ ಕೊಂಕಣಿಯಲ್ಲಿ ಉಪಕಾರ ಸ್ಮರಿಸಲು ಒಂದೇ ಮಾತಿದೆ, ದೇವರು ಒಳ್ಳೆಯದು ಮಾಡಲಿ ಎಂದು ಅದರ ಅರ್ಥ. ಅದನ್ನೇ ಅವರಿಗೆ ಹೇಳಿ.

ದೇವ್ ಬರೆಂ ಕರುಂ.

ಎಡ್ನಾ